ಸೋಂಕು ನಡತೆ ಕೇಳುವುದಿಲ್ಲ

*

ಮಲೇರಿಯಾ ಬಂದವರನ್ನು ಯಾವ ಸೊಳ್ಳೆ ಕಚ್ಚಿತು ಎಂದು ಯಾರೂ ವಿಚಾರಿಸುವುದಿಲ್ಲ. ಎಚ್‌ಐವಿ ಬಂದವರಿಗೆ ಮಾತ್ರ ಮೊದಲ ಪ್ರಶ್ನೆ ‘ಯಾರಿಂದ ಬಂತು?’ ‘ಹೇಗೆ ಬರುತ್ತದೆ’ ಎಂದು ಕೇಳುವವರಿಗೆ ತಡೆಯುವ ದಾರಿ ಸಿಗುತ್ತದೆ. ‘ಯಾರಿಂದ’ ಎಂದು ಕೇಳುವವರಿಗೆ ದೂರಲು ಒಬ್ಬರು ಸಿಗುತ್ತಾರೆ, ಅಷ್ಟೆ.

*

1981ರ ಜೂನ್ 5ರಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ವಾರದ ವರದಿಯಲ್ಲಿ ಲಾಸ್ ಏಂಜಲೀಸ್‌ನ ಐವರು ಯುವಕರ ಅಪರೂಪದ ನ್ಯುಮೋನಿಯಾದ ಸುದ್ದಿ ಬಂತು. ಐವರೂ ಸಲಿಂಗಿಗಳು. ಕಾಯಿಲೆಗೆ ಮೊದಮೊದಲು ಇಟ್ಟ ಹೆಸರಿನಲ್ಲೇ ಅವರ ಗುರುತು ಸೇರಿಕೊಂಡಿತು. 1982ರಲ್ಲೇ ಆ ಹೆಸರು ಹೋಗಿ ಏಡ್ಸ್ ಎಂಬ ಹೆಸರು ಬಂದರೂ ಅಂಟಿದ ಗುರುತು ಹೋಗಲಿಲ್ಲ. ಮೊದಲು ಕಣ್ಣಿಗೆ ಬಿದ್ದವರೇ ರೋಗದ ಮೂಲ ಎಂದು ನಂಬುವುದು ಮನುಷ್ಯರ ಹಳೆಯ ಚಾಳಿ.

*

ನಮ್ಮಲ್ಲಿ ಸಂಸಾರ ಗಟ್ಟಿ, ಅಂಥ ರೋಗ ಇಲ್ಲಿಗೆ ಬರಲಾರದು ಎಂದು ನಂಬಿಕೊಂಡಿದ್ದ ಕಾಲವೊಂದಿತ್ತು. 1986ರಲ್ಲಿ ಮದರಾಸಿನ ಡಾ. ಸುನೀತಿ ಸಾಲೊಮನ್ ಅವರ ಮಾರ್ಗದರ್ಶನದಲ್ಲಿ ಅವರ ವಿದ್ಯಾರ್ಥಿನಿ ನಿರ್ಮಲಾ ಲೈಂಗಿಕ ವೃತ್ತಿಯ ಮಹಿಳೆಯರ ರಕ್ತದ ಮಾದರಿ ಸಂಗ್ರಹಿಸಿ ವೆಲ್ಲೂರಿಗೆ ಒಯ್ದರು. ಸೋಂಕು ಪತ್ತೆಯಾಯಿತು. ಅಲ್ಲಿಯವರೆಗೆ ‘ನಮ್ಮಲ್ಲಿಲ್ಲ’ ಎನ್ನುತ್ತಿದ್ದವರು ಅಂದಿನಿಂದ ‘ನಮ್ಮಂಥವರಲ್ಲಿಲ್ಲ’ ಎನ್ನತೊಡಗಿದರು.

*

ಸೋಂಕನ್ನು ಹೊತ್ತು ಊರೂರು ತಿರುಗಿ ಕೊನೆಗೆ ಮನೆಗೆ ಒಯ್ಯುವವನು ಗಿರಾಕಿ. ರೋಗದ ಮೂಲ ಎನಿಸಿಕೊಂಡವಳು ಇದ್ದಲ್ಲೇ ಇದ್ದವಳು.

*

1997ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪುಣೆಯ ಅಧ್ಯಯನವೊಂದು ಪ್ರಕಟವಾಯಿತು. ಬರೆದವರಲ್ಲಿ ಮೊದಲ ಹೆಸರು ಡಾ. ರಮಣ ಗಂಗಾಖೇಡ್ಕರ್ ಅವರದು. ಕೋವಿಡ್ ಕಾಲದ ಪತ್ರಿಕಾಗೋಷ್ಠಿಗಳಲ್ಲಿ ದೇಶವೆಲ್ಲ ಕಂಡದ್ದು ಅವರನ್ನೇ. ಲೈಂಗಿಕ ರೋಗಗಳ ಚಿಕಿತ್ಸೆಗೆ ಬಂದಿದ್ದ, ಲೈಂಗಿಕ ವೃತ್ತಿಯಲ್ಲಿಲ್ಲದ 391 ಮಹಿಳೆಯರಲ್ಲಿ ಶೇ 13.6ರಷ್ಟು ಮಂದಿಗೆ ಎಚ್‌ಐವಿ ಇತ್ತು. ಬಹುಪಾಲು ವಿವಾಹಿತೆಯರು, ಗಂಡನ ಹೊರತು ಬೇರೆ ಸಂಬಂಧವನ್ನೇ ಕಾಣದವರು. ‘ಒಬ್ಬನಿಗೇ ನಿಷ್ಠೆಯಿಂದಿರು’ ಎಂಬ ಉಪದೇಶವನ್ನು ಚಾಚೂ ತಪ್ಪದೆ ಪಾಲಿಸಿದವರಿಗೇ ಆ ಉಪದೇಶ ಕೆಲಸಕ್ಕೆ ಬರಲಿಲ್ಲ.

*

ಪಾತಿವ್ರತ್ಯ ಒಬ್ಬರೇ ಪಾಲಿಸುವ ವ್ರತವಾದರೆ ಅದರಿಂದ ರಕ್ಷಣೆ ಸಿಗುವುದೂ ಒಬ್ಬರಿಗೇ. ಅದು ಹೆಂಡತಿಗಲ್ಲ, ಗಂಡನಿಗೆ.

*

ತಾಳಿಯೇ ಕಾಯುತ್ತದೆ ಎಂದು ಹುಡುಗಿಗೆ ಹೇಳಿಕೊಟ್ಟ ಸಮಾಜ, ಅವಳು ಕಾಂಡೋಮ್ ಬಳಸೋಣ ಎಂದ ದಿನ ಗಂಡನ ಬಾಯಿಗೆ ಎರಡು ಪ್ರಶ್ನೆ ಕೊಟ್ಟಿರುತ್ತದೆ: ‘ನನ್ನ ಮೇಲೆ ಅನುಮಾನವೇ? ಇಲ್ಲ, ನಿನ್ನದೇ ಏನಾದರೂ ಇದೆಯೇ?’ ಎರಡಕ್ಕೂ ಉತ್ತರ ಕೊಡಲಾಗದೆ ಅವಳು ಸುಮ್ಮನಾಗುತ್ತಾಳೆ.

*

ಏಡ್ಸ್‌ನಿಂದ ಮಗ ತೀರಿಕೊಂಡ ಮನೆಯಲ್ಲಿ ಸೊಸೆಯ ಕಾಲ್ಗುಣದ ಮಾತು ಬಂದದ್ದುಂಟು. ಚಿಕಿತ್ಸೆಯಿಲ್ಲದಿದ್ದರೆ ಸೋಂಕು ತಗಲಿದ ಮೇಲೆ ಕಾಯಿಲೆ ಬಲಿಯಲು ಸಾಮಾನ್ಯವಾಗಿ ಎಂಟು–ಹತ್ತು ವರ್ಷ ಹಿಡಿಯುತ್ತದೆ. ಮದುವೆಯಾದ ಎರಡನೆಯ ವರ್ಷಕ್ಕೇ ಹೋದವನಿಗೆ ಸೋಂಕು ಯಾವಾಗ ತಗಲಿರಬೇಕು ಎಂದು ತಿಳಿಯಲು ಕೂಡಿಸಿ ಕಳೆಯುವ ಲೆಕ್ಕ ಸಾಕು. ಸೊಸೆಯನ್ನು ದೂರುವ ಮನೆಯಲ್ಲಿ ಆ ಲೆಕ್ಕ ಯಾರಿಗೂ ಬೇಕಿರುವುದಿಲ್ಲ.

*

‘ಮಾಡಿದ್ದುಣ್ಣೋ ಮಹಾರಾಯ’ ಎಂಬ ಗಾದೆಯನ್ನು ರೋಗಿಯ ಹಾಸಿಗೆಯ ಬಳಿ ಹೇಳುವವರು ಔಷಧಿಯ ಮೇಲೂ ನಂಬಿಕೆ ಇಟ್ಟಿರುವುದಿಲ್ಲ, ದೇವರ ಮೇಲೂ ಇಟ್ಟಿರುವುದಿಲ್ಲ. ಅವರಿಗೆ ನಂಬಿಕೆ ಇರುವುದು ಶಿಕ್ಷೆಯ ಮೇಲೆ.

*

‘ಏನೂ ತಪ್ಪು ಮಾಡದ ಕೂಸಿಗೆ ಈ ಕಾಯಿಲೆ ಬರಬೇಕೆ!’ ಈ ಕನಿಕರದ ಹಿಂದೆ ಇನ್ನೊಂದು ಮಾತು ಅಡಗಿದೆ: ಕೂಸಿನ ತಾಯಿ ತಪ್ಪು ಮಾಡಿದವಳು. ಏನೂ ಮಾಡದೆ ಬಿಟ್ಟರೆ ತಾಯಿಯಿಂದ ಮಗುವಿಗೆ ಸೋಂಕು ದಾಟುವ ಸಾಧ್ಯತೆ ಶೇ 15ರಿಂದ 45. ಗರ್ಭಿಣಿಯಾಗಿದ್ದಾಗಲೇ ಪರೀಕ್ಷೆ ಮಾಡಿ ಚಿಕಿತ್ಸೆ ಕೊಟ್ಟರೆ ಅದು ಶೇ 5ಕ್ಕಿಂತ ಕೆಳಗಿಳಿಯುತ್ತದೆ. ಕೂಸಿನ ಮೇಲೆ ನಿಜವಾಗಿ ಕರುಣೆಯಿದ್ದರೆ ತಾಯಿಯನ್ನು ದೂರುವುದು ನಿಲ್ಲಬೇಕು. ಬೈಗುಳಕ್ಕೆ ಹೆದರಿದ ತಾಯಿ ಪರೀಕ್ಷೆಗೇ ಬರುವುದಿಲ್ಲ.

*

ಗೋವಾದ ಡೊಮಿನಿಕ್ ಡಿಸೋಜಾ ರಕ್ತದಾನಿ. ಅವರಿಗೆ ಎಚ್‌ಐವಿ ಇದೆಯೆಂದು ಗೊತ್ತಾದಾಗ, 1989ರಲ್ಲಿ, ಪೊಲೀಸರು ಹಿಡಿದು ಕ್ಷಯರೋಗದ ಹಳೆಯ ಆಸ್ಪತ್ರೆಯೊಂದರಲ್ಲಿ ಒಂಟಿಯಾಗಿ ಕೂಡಿಹಾಕಿದರು. ಗೋವಾದ ಸಾರ್ವಜನಿಕ ಆರೋಗ್ಯ ಕಾನೂನು ಆಗ ಅದಕ್ಕೆ ಅವಕಾಶ ಕೊಟ್ಟಿತ್ತು. ಹೊರಬಂದ ಮೇಲೆ ಅವರು ಸೋಂಕಿತರ ಹಕ್ಕಿಗಾಗಿ ದುಡಿದು 1992ರಲ್ಲಿ ತೀರಿಕೊಂಡರು. ಸೋಂಕಿತನನ್ನು ಕಳ್ಳನಂತೆ ಹಿಡಿದ ಊರಿನಲ್ಲಿ ಸ್ವಂತ ಇಚ್ಛೆಯಿಂದ ಪರೀಕ್ಷೆಗೆ ಯಾರು ಬಂದಾರು?

*

1987ರಲ್ಲಿ ಬ್ರಿಟನ್ನಿನ ಸರ್ಕಾರ ಟಿವಿಯಲ್ಲಿ ಗೋರಿಕಲ್ಲು ತೋರಿಸಿ ಜನರನ್ನು ಎಚ್ಚರಿಸಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ರಾಜಕುಮಾರಿ ಡಯಾನಾ ಕೈಗವಸಿಲ್ಲದೆ ಏಡ್ಸ್ ರೋಗಿಯೊಬ್ಬರ ಕೈ ಕುಲುಕಿದರು. ಮುಟ್ಟಿದರೆ ಬರುವುದಿಲ್ಲ ಎಂಬ ಪಾಠವನ್ನು ಅದಕ್ಕಿಂತ ಚಿಕ್ಕದಾಗಿ ಯಾರೂ ಹೇಳಿಲ್ಲ.

*

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದವರಲ್ಲಿ ಎಚ್‌ಐವಿಯ ಬಗ್ಗೆ ಸಮಗ್ರ ತಿಳಿವಳಿಕೆ ಇದ್ದದ್ದು ಶೇ 21.6ರಷ್ಟು ಮಹಿಳೆಯರಿಗೆ, ಶೇ 30.7ರಷ್ಟು ಪುರುಷರಿಗೆ. ಸಮಗ್ರ ಎಂದರೆ ದೊಡ್ಡ ವಿದ್ಯೆಯೇನಲ್ಲ. ಕಾಂಡೋಮ್ ತಡೆಯುತ್ತದೆ, ಸೋಂಕಿಲ್ಲದ ಒಬ್ಬರೇ ಸಂಗಾತಿಯಿದ್ದರೆ ಅಪಾಯ ಕಡಿಮೆ, ಗಟ್ಟಿಮುಟ್ಟಾಗಿ ಕಾಣುವವರಲ್ಲೂ ಸೋಂಕು ಇರಬಹುದು ಎಂದು ತಿಳಿದಿರಬೇಕು. ಸಾಮಾನ್ಯವಾದ ಎರಡು ತಪ್ಪು ನಂಬಿಕೆಗಳನ್ನು ಬಿಟ್ಟಿರಬೇಕು. ಎಲ್ಲರ ಕಿವಿಗೂ ಬಿದ್ದ ಹೆಸರು ಇದು, ತಿಳಿದವರು ಇಷ್ಟೇ. ಪಿಸುಮಾತಿನಲ್ಲಿ ಹರಡುವುದು ಹೆದರಿಕೆ ಮಾತ್ರ, ತಿಳಿವಳಿಕೆಗೆ ಗಟ್ಟಿ ದನಿ ಬೇಕು.

*

2007ರಲ್ಲಿ ಕೇಂದ್ರದ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ಹಲವು ರಾಜ್ಯಗಳು ಬೇಡವೆಂದವು. ಕರ್ನಾಟಕವೂ ಅವುಗಳಲ್ಲಿ ಒಂದು. ಶಾಲೆಯಲ್ಲಿ ಲೈಂಗಿಕ ಶಿಕ್ಷಣ ಸಲ್ಲದು, ಮದುವೆಗೆ ಮುಂಚೆ ಸಂಬಂಧ ತಪ್ಪು ಎಂದು ಹೇಳಿಕೊಟ್ಟರೆ ಸಾಕು ಎಂಬ ನಿಲುವಿಗೆ 2009ರಲ್ಲಿ ರಾಜ್ಯಸಭೆಯ ಅರ್ಜಿ ಸಮಿತಿ ಬಂತು. ಮುಂದಿನ ವರ್ಷಗಳಲ್ಲಿ ಮಕ್ಕಳ ಕೈಗೆ ಮೊಬೈಲು ಬಂತು. ಮೇಷ್ಟ್ರು ನುಂಗಿಕೊಂಡ ಮಾತನ್ನೆಲ್ಲ ಅದು ಹೇಳಿತು, ಬೇಕಾದ ಎಚ್ಚರಿಕೆಯೊಂದನ್ನು ಬಿಟ್ಟು.

*

‘ಈ ಪಾಠ ನೀವೇ ಓದಿಕೊಳ್ಳಿ’ ಎಂದು ಜೀವಶಾಸ್ತ್ರದ ಮೇಷ್ಟ್ರು ದಾಟಿಸಿದ ಪಾಠವನ್ನು ತರಗತಿಯಲ್ಲಿ ಎಲ್ಲರೂ ಓದಿರುತ್ತಾರೆ. ಪ್ರಶ್ನೆ ಕೇಳಲು ಮಾತ್ರ ಯಾರೂ ಇರುವುದಿಲ್ಲ.

*

ಸರ್ಕಾರ 1968ರಲ್ಲಿ ನಿರೋಧ್ ಕಾಂಡೋಮನ್ನು ಹದಿನೈದು ಪೈಸೆಗೆ ಮೂರರಂತೆ ಅಂಗಡಿಗಳಿಗೆ ತಂದಿತು. ಕುಟುಂಬ ಯೋಜನೆಯ ಕೆಂಪು ತ್ರಿಕೋನ ಹಳ್ಳಿಹಳ್ಳಿಯ ಗೋಡೆ ಹತ್ತಿತು. ಯಾರ ಮರ್ಯಾದೆಯೂ ಹೋಗಲಿಲ್ಲ. ಕುಟುಂಬ ಯೋಜನೆ ಎಂದರೆ ಗಂಡ ಹೆಂಡತಿ ಎಂಬ ಒಪ್ಪಂದ ಅದರಲ್ಲಿತ್ತು. ಅದೇ ವಸ್ತು ರೋಗ ತಡೆಯಲೂ ಬೇಕು ಎಂದಾಗ ಒಪ್ಪಂದ ಮುರಿಯಿತು. ಬೇರೆ ಸಂಬಂಧಗಳೂ ಇವೆ ಎಂದು ಗೋಡೆಯ ಮೇಲೆ ಬರೆಯಲು ನಾವು ಸಿದ್ಧರಿರಲಿಲ್ಲ.

*

2017ರ ಡಿಸೆಂಬರ್‌ನಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಕಾಂಡೋಮ್ ಜಾಹೀರಾತುಗಳನ್ನು ರಾತ್ರಿ 10ರಿಂದ ಬೆಳಗಿನ 6ರವರೆಗೆ ಮಾತ್ರ ತೋರಿಸಬೇಕೆಂದು ಟಿವಿ ವಾಹಿನಿಗಳಿಗೆ ಸೂಚಿಸಿತು. ಜಾಹೀರಾತು ಅಶ್ಲೀಲವಾದರೆ ತಿದ್ದಬೇಕಾದದ್ದು ಜಾಹೀರಾತನ್ನು. ವಿಷಯವನ್ನೇ ಕತ್ತಲಿಗೆ ತಳ್ಳಿದರೆ ಕತ್ತಲಿನಲ್ಲೇ ನಡೆಯಬೇಕಾದ್ದು ಅದು ಎಂದು ಕಲಿಸಿದಂತಾಗುತ್ತದೆ.

*

ಔಷಧಿ ಅಂಗಡಿಯಲ್ಲಿ ಕಾಂಡೋಮನ್ನು ಪೇಪರಿನಲ್ಲಿ ಸುತ್ತಿ ಕೊಡುತ್ತಾರೆ. ಪಕ್ಕದ ಬೀಡಾ ಅಂಗಡಿಯಲ್ಲಿ ಸಿಗರೇಟನ್ನು ಹಾಗೆಯೇ ಕೈಗಿಡುತ್ತಾರೆ.

*

ದೇವರ ಹೆಸರಿನಲ್ಲಿ ಎಳೆಯ ಹುಡುಗಿಗೆ ಮುತ್ತು ಕಟ್ಟುವಾಗ ಊರಿಗೆ ನಾಚಿಕೆಯಾಗಲಿಲ್ಲ. ಅವಳ ಮನೆಗೆ ಯಾರು ಬಂದು ಹೋಗುತ್ತಾರೆ ಎಂದು ಗೊತ್ತಿದ್ದೂ ಆಗಲಿಲ್ಲ. 1982ರಲ್ಲಿ ಕರ್ನಾಟಕ ದೇವದಾಸಿ ಸಮರ್ಪಣೆಯನ್ನು ನಿಷೇಧಿಸಿತು. ಕೆಲವೇ ವರ್ಷಗಳಲ್ಲಿ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಎಚ್‌ಐವಿ ಕಾಲಿಟ್ಟಿತು. ಊರಿಗೆ ನಾಚಿಕೆ ನೆನಪಾದದ್ದು ಆಗ. ಅದನ್ನೂ ಹೊತ್ತುಕೊಂಡವಳು ಅವಳೇ.

*

2001ರಲ್ಲಿ ಲಖನೌದಲ್ಲಿ ಸಲಿಂಗಿ ಪುರುಷರ ನಡುವೆ ಎಚ್‌ಐವಿ ತಡೆಯ ಕೆಲಸ ಮಾಡುತ್ತಿದ್ದ ಕಾರ್ಯಕರ್ತರನ್ನು ಬಂಧಿಸಿದರು. ಅವರ ಮೇಲೆ ಹೂಡಿದ್ದು ಸಲಿಂಗ ಸಂಬಂಧವನ್ನು ಅಪರಾಧವೆಂದಿದ್ದ 1860ರ ದಂಡಸಂಹಿತೆಯ 377ನೆಯ ಕಲಮು. ಅದೇ ವರ್ಷ ನಾಜ್ ಪ್ರತಿಷ್ಠಾನ ಆ ಕಲಮಿನ ವಿರುದ್ಧ ದೆಹಲಿ ಹೈಕೋರ್ಟಿಗೆ ಹೋಯಿತು. ಅದರ ವಾದದಲ್ಲಿ ಆರೋಗ್ಯದ ಮಾತೂ ಇತ್ತು: ಅಪರಾಧಿಗಳೆಂದು ಕರೆದರೆ ಅಡಗುತ್ತಾರೆ, ಅಡಗಿದವರನ್ನು ಮುಟ್ಟಲಾಗದು. 2009ರಲ್ಲಿ ಗೆಲುವು, 2013ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋಲು, 2018ರ ಸೆಪ್ಟೆಂಬರ್ 6ರಂದು ಮತ್ತೆ ಗೆಲುವು. ಈ ಹದಿನೇಳು ವರ್ಷ ನ್ಯಾಯಾಲಯದಲ್ಲಿ ದಿನಾಂಕ ಮುಂದಕ್ಕೆ ಹೋಗುತ್ತಿತ್ತು, ಸೋಂಕು ಯಾವ ದಿನಾಂಕಕ್ಕೂ ಕಾಯಲಿಲ್ಲ.

*

ಆರೋಗ್ಯ ಇಲಾಖೆ ಲೈಂಗಿಕ ವೃತ್ತಿಯಲ್ಲಿರುವವಳ ಕೈಗೆ ಕಾಂಡೋಮ್ ಕೊಡುತ್ತದೆ. ಅವಳ ಚೀಲದಲ್ಲಿ ಅದು ಸಿಕ್ಕರೆ ಪೊಲೀಸರು ಸಾಕ್ಷ್ಯ ಎನ್ನುತ್ತಾರೆ. ಅವಳು ಯಾವ ಸರ್ಕಾರವನ್ನು ನಂಬಬೇಕು? 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಈ ಇಬ್ಬಂದಿಯನ್ನು ಗುರುತಿಸಿದೆ. ಸೋಂಕು ತಡೆಯಲು ಕಾಂಡೋಮನ್ನೋ ಶುದ್ಧ ಸೂಜಿಯನ್ನೋ ಕೊಡುವುದು, ಪಡೆಯುವುದು ಅಪರಾಧವಲ್ಲ ಎಂದು ಅದು ಹೇಳುತ್ತದೆ. ಕಾಯ್ದೆ ಪುಸ್ತಕದಲ್ಲಿದ್ದರೆ ಸಾಲದು, ರಾತ್ರಿ ಪಾಳಿಯ ಪೇದೆಗೂ ಅದು ಗೊತ್ತಿರಬೇಕು.

*

1992ರಲ್ಲಿ ಡಾ. ಸ್ಮರಜಿತ್ ಜಾನಾ ಕೋಲ್ಕತ್ತದ ಸೋನಾಗಾಚಿಯಲ್ಲಿ ಕೆಲಸ ಆರಂಭಿಸಿದಾಗ ಅಲ್ಲಿನ ಮಹಿಳೆಯರಿಗೆ ವೃತ್ತಿ ಬಿಡಿ ಎಂದು ಬೋಧಿಸಲಿಲ್ಲ. ಅವರನ್ನೇ ಆರೋಗ್ಯ ಕಾರ್ಯಕರ್ತೆಯರನ್ನಾಗಿ ಮಾಡಿದರು. ಕಾಂಡೋಮ್ ಬೇಡವೆನ್ನುವ ಗಿರಾಕಿಯನ್ನು ಒಬ್ಬಳು ಹಿಂದಕ್ಕೆ ಕಳಿಸಿದರೆ ಅವನು ಪಕ್ಕದ ಬಾಗಿಲಿಗೆ ಹೋಗುತ್ತಾನೆ, ಎಲ್ಲರೂ ಕಳಿಸಿದರೆ ದಾರಿಗೆ ಬರುತ್ತಾನೆ ಎಂಬ ವ್ಯವಹಾರಜ್ಞಾನ ಅವರಿಗಿತ್ತು. ಮೈಸೂರಿನ ಆಶೋದಯ ಸಮಿತಿಯೂ ಲೈಂಗಿಕ ಕಾರ್ಯಕರ್ತರೇ ಕಟ್ಟಿ ನಡೆಸಿದ ಸಂಘಟನೆ. ಉಪದೇಶ ಕೇಳಿಸಿಕೊಳ್ಳಲಷ್ಟೇ ಯೋಗ್ಯರು ಎಂದುಕೊಂಡವರೇ ಬೇರೆಯವರಿಗೆ ಕಲಿಸುವವರಾದರು.

*

2005ರಲ್ಲಿ ಬ್ರೆಜಿಲ್ ಅಮೆರಿಕದ ಸುಮಾರು 4 ಕೋಟಿ ಡಾಲರ್ ನೆರವನ್ನು ಬೇಡವೆಂದಿತು. ವೇಶ್ಯಾವೃತ್ತಿಯನ್ನು ಖಂಡಿಸುವ ಪ್ರತಿಜ್ಞೆಗೆ ಸಹಿ ಹಾಕಿದರೆ ಮಾತ್ರ ಹಣ ಎಂಬ ಷರತ್ತಿತ್ತು. ಯಾರ ಸಹಕಾರವಿಲ್ಲದೆ ರೋಗ ನಿಲ್ಲದೋ ಅವರನ್ನೇ ಖಂಡಿಸಿ ಕೆಲಸ ಶುರುಮಾಡಲಾಗದು ಎಂದು ಆ ದೇಶಕ್ಕೆ ಗೊತ್ತಿತ್ತು.

*

ಸಂಯಮವೂ ಒಂದು ದಾರಿ, ನಿಷ್ಠೆಯೂ ಒಂದು ದಾರಿ. ಸಂಗಾತಿಗಳ ಸಂಖ್ಯೆ ಕಡಿಮೆಯಾದರೆ ಸೋಂಕು ಹರಡುವುದೂ ಕಡಿಮೆ. ಇದನ್ನು ಹೇಳಲು ಯಾರೂ ಹಿಂಜರಿಯಬೇಕಿಲ್ಲ. ಆದರೆ ಆ ದಾರಿಯಲ್ಲಿ ನಡೆಯದವರಿಗೆ ಬೇರೆ ದಾರಿಯೇ ಇರಕೂಡದು ಎಂದಾಗ ನೀತಿ ಕ್ರೌರ್ಯವಾಗುತ್ತದೆ.

*

ದೇಶದಲ್ಲಿ ಸುಮಾರು 25 ಲಕ್ಷ ಜನ ಎಚ್‌ಐವಿಯೊಂದಿಗೆ ಬದುಕುತ್ತಿದ್ದಾರೆ. ವೈರಾಣುವನ್ನು ಅಡಗಿಸಿಡುವ ಎಆರ್‌ಟಿ ಮಾತ್ರೆ 2004ರ ಏಪ್ರಿಲ್‌ನಿಂದ ಸರ್ಕಾರಿ ಕೇಂದ್ರಗಳಲ್ಲಿ ಉಚಿತ. ಆದರೂ ತಮ್ಮ ಜಿಲ್ಲೆಯ ಕೇಂದ್ರ ಬಿಟ್ಟು ಪಕ್ಕದ ಜಿಲ್ಲೆಗೆ ಬಸ್ಸು ಹತ್ತುವವರಿದ್ದಾರೆ, ಡಬ್ಬಿಯ ಮೇಲಿನ ಚೀಟಿ ಕಿತ್ತು ಮನೆಗೆ ಒಯ್ಯುವವರಿದ್ದಾರೆ. ಮಾತ್ರೆಗೆ ಬೆಲೆಯಿಲ್ಲ, ಯಾರಾದರೂ ನೋಡಿಬಿಟ್ಟರೆ ತೆರಬೇಕಾದ ಬೆಲೆ ದೊಡ್ಡದು.

*

ತಪ್ಪದೆ ಮಾತ್ರೆ ನುಂಗಿ, ರಕ್ತದಲ್ಲಿ ವೈರಾಣು ಪರೀಕ್ಷೆಗೂ ಸಿಗದಷ್ಟು ಇಳಿದು, ಹಾಗೆಯೇ ಉಳಿದವರಿಂದ ಲೈಂಗಿಕ ಸಂಪರ್ಕದಲ್ಲಿ ಸೋಂಕು ದಾಟುವುದಿಲ್ಲ. 2011ರಿಂದ ಬಂದ ದೊಡ್ಡ ಅಧ್ಯಯನಗಳು ಇದನ್ನು ಖಚಿತಪಡಿಸಿವೆ. ಹೆದರಿಸಲು ಇಪ್ಪತ್ತು ವರ್ಷ ಡಂಗುರ ಸಾರಿದ ನಾವು ಈ ಸುದ್ದಿಯನ್ನು ಮೆಲ್ಲಗೆ ಹೇಳುತ್ತಿದ್ದೇವೆ. ಹೆದರಿಕೆ ಹೋದರೆ ಶೀಲವೂ ಹೋದೀತು ಎಂಬ ಅಂಜಿಕೆ ನಮ್ಮದು. ರೋಗದ ಹೆದರಿಕೆಯಿಂದ ಮಾತ್ರ ನಿಂತಿರುವ ಶೀಲ ಅಷ್ಟು ದೊಡ್ಡದೇ?

*

2012ರಲ್ಲಿ ಅಮೆರಿಕದಲ್ಲಿ ಸೋಂಕು ಬಾರದಂತೆ ಮೊದಲೇ ನುಂಗುವ ಮಾತ್ರೆಗೆ ಒಪ್ಪಿಗೆ ಸಿಕ್ಕಾಗ ಅದನ್ನು ನುಂಗುವವರಿಗೆ ಅಲ್ಲೂ ಹೊಲಸು ಹೆಸರಿಟ್ಟರು. 2024ರಲ್ಲಿ ದಕ್ಷಿಣ ಆಫ್ರಿಕಾ ಮತ್ತು ಉಗಾಂಡಾದಲ್ಲಿ ಆರು ತಿಂಗಳಿಗೊಮ್ಮೆ ಲೆನಕಾಪವಿರ್ ಚುಚ್ಚುಮದ್ದು ಪಡೆದ ಎರಡು ಸಾವಿರಕ್ಕೂ ಹೆಚ್ಚು ಯುವತಿಯರಲ್ಲಿ ಒಬ್ಬರಿಗೂ ಸೋಂಕು ತಗಲಲಿಲ್ಲ. ವಿಜ್ಞಾನ ತನ್ನ ಪಾಲಿನ ಕೆಲಸ ಮಾಡಿದೆ. ಅದನ್ನು ಕೇಳಿ ಪಡೆಯುವ ಹುಡುಗಿಯನ್ನು ಕೆಟ್ಟ ಕಣ್ಣಿನಿಂದ ನೋಡದಿರುವ ಕೆಲಸ ನಮ್ಮ ಪಾಲಿನದು.

*

‘ನಾನು ಅಂಥವನಲ್ಲ’ ಎನ್ನುವವರು ಪರೀಕ್ಷೆಗೆ ಹೋಗುವುದಿಲ್ಲ. ಹೋಗದವರಲ್ಲಿ ಸೋಂಕು ಇದೆಯೋ ಇಲ್ಲವೋ ಯಾರಿಗೂ ಗೊತ್ತಾಗುವುದಿಲ್ಲ. ಮರ್ಯಾದಸ್ಥರ ಬಗ್ಗೆ ನಮಗಿರುವ ಭರವಸೆಯ ಒಂದು ಪಾಲು ಪರೀಕ್ಷೆಯನ್ನೇ ಮಾಡಿಸದ ಭರವಸೆ.

*

ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿ ಕೇಂದ್ರಗಳಲ್ಲಿ ಎಚ್‌ಐವಿ ಪರೀಕ್ಷೆ ಉಚಿತ. ನಿಮ್ಮ ಒಪ್ಪಿಗೆಯಿಲ್ಲದೆ ಪರೀಕ್ಷಿಸುವಂತಿಲ್ಲ, ಫಲಿತಾಂಶವನ್ನು ಗುಟ್ಟಾಗಿಡಬೇಕು ಎನ್ನುತ್ತದೆ ಕಾನೂನು. ಅನುಮಾನವಿದ್ದರೆ ಸಹಾಯವಾಣಿ 1097ಕ್ಕೆ ಕರೆ ಮಾಡಿ, ಅದಕ್ಕೂ ದುಡ್ಡಿಲ್ಲ. ಮನೆಯಲ್ಲಿ ಹದಿಹರೆಯದ ಮಕ್ಕಳಿದ್ದರೆ ಈ ಸಂಖ್ಯೆಯನ್ನು ಅವರಿಗೂ ಬರೆದುಕೊಡಿ. ಯಾಕೆ ಎಂದು ಕೇಳಿದರೆ ಮಾತು ಬದಲಿಸದೆ ಕಾರಣ ಹೇಳಿ.