ಸಗಣಿ ಹುಳ ಹೆಚ್ಚೋ, ಚಂದ್ರ ಪತಂಗ ಹೆಚ್ಚೋ

ಉಂಡೆ ಉರುಳಿಸೋ ಸಗಣಿ ಹುಳವನ್ನು ನಮ್ಮ ತಾಳವಾಡಿ ಕಡೆ ನೋಡದವರಿಲ್ಲ. ಕಾಡಿನ ಚಂದ್ರ ಪತಂಗವನ್ನು ನೋಡಿದವರು ಕಮ್ಮಿ. ಇವೆರಡರಲ್ಲಿ ಯಾವುದರ ಬದುಕು ಸಾರ್ಥಕ ಅಂತ ಕೇಳಿದರೆ ಸಗಣಿ ಹುಳದ್ದೇ ಅಂದುಬಿಡ್ತಾರೆ. ದುಡಿಯೋ ಜೀವ ಅಲ್ವೆ?

ದುಡಿಯೋದು ನಿಜ. ಆನೆ ಲದ್ದಿ, ದನದ ಸಗಣಿ ಬಿದ್ದರೆ ವಾಸನೆ ಹಿಡಿದು ಬರುತ್ತದೆ. ಉಂಡೆ ಕಟ್ಟಿ, ತಲೆ ಕೆಳಗೆ ಮಾಡಿ, ಹಿಂಗಾಲಲ್ಲಿ ತಳ್ಳಿಕೊಂಡು ಹೋಗಿ ಮಣ್ಣಲ್ಲಿ ಹೂಳುತ್ತದೆ. ಆ ಉಂಡೆಯಲ್ಲೇ ಮೊಟ್ಟೆ ಇಡುತ್ತದೆ. ಮರಿ ಒಳಗಿಂದಲೇ ತಿಂದು ಬೆಳೆಯುತ್ತದೆ. ನೆಲಕ್ಕೆ ಗೊಬ್ಬರ ಸೇರುತ್ತದೆ, ಮಣ್ಣು ಸಡಿಲ ಆಗುತ್ತದೆ, ನೊಣ ಕಮ್ಮಿಯಾಗುತ್ತದೆ. ಕೂಲಿ ಕೇಳದ ಆಳು ಅದು.

ಪತಂಗ ಹಾಗಲ್ಲ. ತಿಳಿ ಹಸಿರು ಬಣ್ಣ, ಅಂಗೈ ಅಗಲ, ರೆಕ್ಕೆಗೆ ಉದ್ದ ಬಾಲ. ರಾತ್ರಿ ದೀಪದ ಹತ್ತಿರ ಬಂದು ಗೋಡೆಗೆ ಕೂರುತ್ತದೆ. ಚೆಂದ ಬಿಟ್ಟರೆ ಬೇರೆ ಕೆಲಸ ಇಲ್ಲದ್ದು ಅಂತ ಕಾಣುತ್ತದೆ. ಆದರೆ ಅದು ಏನನ್ನೂ ತಿನ್ನಲ್ಲ. ತಿನ್ನುವಂಥ ಬಾಯೇ ಅದಕ್ಕೆ ಬೆಳೆದಿರಲ್ಲ. ರೇಷ್ಮೆ ಸಾಕುವವರಿಗೆ ಇದು ಗೊತ್ತು, ಗೂಡಿಂದ ಹೊರಬಂದ ಚಿಟ್ಟೆ ಸೊಪ್ಪು ಮುಟ್ಟಲ್ಲ. ಹುಳವಾಗಿದ್ದಾಗ ವಾರಗಟ್ಟಲೆ ಮೇಯ್ದು ಮೈಯಲ್ಲಿ ಕೂಡಿಟ್ಟದ್ದನ್ನೇ ಕರಗಿಸಿಕೊಂಡು, ಸುಮಾರು ಒಂದು ವಾರ ಬದುಕಿ, ಜೋಡಿ ಹುಡುಕಿ, ಮೊಟ್ಟೆ ಇಟ್ಟು ಸಾಯುತ್ತದೆ. ನಮ್ಮ ಕಣ್ಣಿಗೆ ಬೀಳೋದು ಆ ಒಂದು ವಾರ ಮಾತ್ರ.

ತೂಕ ತಪ್ಪೋದು ಇಲ್ಲೇ. ಒಂದನ್ನು ದುಡಿಮೆಯ ಹೊತ್ತಿನಲ್ಲಿ ನೋಡುತ್ತೇವೆ, ಇನ್ನೊಂದನ್ನು ಕೊನೆಗಾಲದಲ್ಲಿ. ಆಮೇಲೆ ಹೆಚ್ಚು ಕಮ್ಮಿ ಅಂತೀವಿ.

ಮನೆಯಲ್ಲೂ ಇದೇ ಕತೆ. ಜಗಲಿ ಮೇಲಿನ ಮುದುಕಿಯನ್ನು ‘ಕೂತು ತಿಂತಾಳೆ’ ಅಂತಾರೆ. ಅವಳು ಕಳೆ ಕಿತ್ತದ್ದು, ರಾಗಿ ಬೀಸಿದ್ದು ಹಾಗೆ ಅಂದವರು ಹುಟ್ಟೋಕೆ ಮುಂಚೆ. ಪತಂಗಕ್ಕೆ ಊಟ ಬೇಡ, ಅವಳಿಗೆ ಬೇಕು. ಪತಂಗ ಕೂಡಿಟ್ಟದ್ದು ಅದರ ಮೈಯಲ್ಲೇ ಇದೆ, ಅವಳು ಕೂಡಿಟ್ಟದ್ದು ಮಕ್ಕಳ ಹೊಲದಲ್ಲಿದೆ, ಗೋಡೆಯಲ್ಲಿದೆ. ಅದರಿಂದ ಒಂದು ತುತ್ತು ಉಂಡರೆ ಭಿಕ್ಷೆ ಹೇಗಾದೀತು?

ಹುಟ್ಟಿದಾಗಿನಿಂದ ದುಡಿಯಲಾರದವರ ಗತಿ ಏನು, ಅವರು ಕೂಡಿಟ್ಟದ್ದೆಲ್ಲಿ ಅಂತ ಮೇಷ್ಟ್ರು ಕೇಳಬಹುದು. ಸರಿಯಾದ ಪ್ರಶ್ನೆ. ಸಗಣಿ ಹುಳದ ಮರಿ ಏನು ದುಡಿದು ಆ ಉಂಡೆ ತಿಂತು? ನಾವೆಲ್ಲ ಮೊದಲು ತಿಂದದ್ದು ಬೇರೆಯವರು ಉರುಳಿಸಿ ತಂದದ್ದನ್ನೇ. ಯಾರು ಎಷ್ಟು ದುಡಿದರು ಅಂತ ಲೆಕ್ಕ ಬರೆಯೋದಾದರೆ ಅಲ್ಲಿಂದ ಶುರು ಮಾಡಬೇಕು.