ಮೊದಲ ನಡೆ ನಮ್ಮದಲ್ಲದಾಗ

ದಾವಣಗೆರೆಯಿಂದ ಹರಿಹರಕ್ಕೆ ಸುಮಾರು 14 ಕಿಲೋಮೀಟರ್, ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಒಂದು ಭಾನುವಾರ ಸಂಜೆ ದಾವಣಗೆರೆಯ ಶಾಲೆಯೊಂದರಲ್ಲಿ ನಡೆದ ಚೆಸ್ ಪಂದ್ಯಾವಳಿ ಮುಗಿಸಿಕೊಂಡು ನಾನು ಮತ್ತು ಗೆಳೆಯನ ಮಗ ಆ ಬಸ್ಸಿನಲ್ಲಿ ಕುಳಿತಿದ್ದೆವು. ಕಪ್ಪು ಕಾಯಿಗಳಲ್ಲಿ ಆಡಿದ ಮೂರು ಆಟಗಳನ್ನೂ ಹುಡುಗ ಸೋತಿದ್ದ. ಮೂರರಲ್ಲೂ ಎದುರಾಳಿಗಳು ರಾಜನ ಮುಂದಿನ ಪದಾತಿಯನ್ನು, ಅಂದರೆ ಕಾಲಾಳನ್ನು, ಎರಡು ಮನೆ ಮುಂದಕ್ಕೆ ನಡೆಸಿ ಆಟ ಆರಂಭಿಸಿದ್ದರು. ಚೆಸ್ ಆಡುವವರು ಇದನ್ನು ‘ಇ4’ ಎನ್ನುತ್ತಾರೆ.

ಬಸ್ಸು ಊರು ದಾಟುವವರೆಗೂ ಸುಮ್ಮನಿದ್ದ ಹುಡುಗ ಕೊನೆಗೆ ಕೇಳಿದ: “ಚಾಚಾ, ಇ4ಗೆ ಯಾವ್ದು ಆಡ್ಬೇಕು ಹೇಳ್ರಿ. ಬೆಳಿಗ್ಗೆ ಸಿಸಿಲಿಯನ್ ಆಡ್ದೆ, ಮಧ್ಯಾಹ್ನ ಫ್ರೆಂಚ್ ಆಡ್ದೆ, ಆಮೇಲೆ ಕಾರೋ-ಕಾನ್. ಯಾವ್ದೂ ನಂಗೆ ಆಗಿಬರ್ತಿಲ್ಲ.”

ಪ್ರಶ್ನೆ ಆಟದ್ದು. ಆದರೆ ಅದಕ್ಕೆ ಉತ್ತರ ಹುಡುಕುತ್ತಾ ಹೋದಂತೆ ಅದು ಆಟವನ್ನು ಮೀರಿದ ಪ್ರಶ್ನೆಯೆಂದು ನನಗನ್ನಿಸತೊಡಗಿತು. ಮೊದಲ ನಡೆ ಇನ್ನೊಬ್ಬನದಾಗಿರುವಾಗ, ಅದಕ್ಕೆ ಕೊಡುವ ಉತ್ತರದಲ್ಲಿ ನಮ್ಮ ಸ್ವಾತಂತ್ರ್ಯ ಎಷ್ಟು, ಹೊಣೆ ಎಷ್ಟು?

ಚದುರಂಗದ ಬಗ್ಗೆ ಮಾತೆತ್ತಿದರೆ ನಮ್ಮಲ್ಲಿ ಕೆಲವರು ಮೊದಲು ಕೇಳುವುದು ಅದು ಧರ್ಮಸಮ್ಮತವೇ ಎಂದು. ಈ ಚರ್ಚೆ ಹಳೆಯದು. ಹನಫಿ ವಿದ್ವಾಂಸರು ಸಾಮಾನ್ಯವಾಗಿ ಈ ಆಟವನ್ನು ಮೆಚ್ಚಲಿಲ್ಲ. ಜೂಜು ಇಲ್ಲದಿದ್ದರೆ, ನಮಾಝ್ ತಪ್ಪಿಸದಿದ್ದರೆ ಅದು ಹರಾಮ್ ಅಲ್ಲ, ಮಕ್ರೂಹ್ ಎಂಬುದು ಶಾಫಿಈ ಪಂಥದ ಪ್ರಸಿದ್ಧ ನಿಲುವು. ತಾಬಿಈಗಳಲ್ಲಿ ಒಬ್ಬರಾದ ಸಯೀದ್ ಬಿನ್ ಜುಬೈರ್ ಹಾಸಿಗೆ ಬೆನ್ನು ಮಾಡಿ, ಕಾಯಿಗಳನ್ನು ನೋಡದೆಯೇ ಆಡುತ್ತಿದ್ದರೆಂಬ ವರದಿಯೂ ಇದೆ. ಆ ಚರ್ಚೆಯನ್ನು ಬಲ್ಲವರಿಗೆ ಬಿಟ್ಟು, ಆಟ ನಮಗೆ ಕಲಿಸಬಹುದಾದ ಒಂದು ಸಂಗತಿಯನ್ನಷ್ಟೇ ಇಲ್ಲಿ ನೋಡೋಣ.

ಬಗ್ದಾದಿನಲ್ಲಿ 9 ಮತ್ತು 10ನೇ ಶತಮಾನಗಳಲ್ಲಿ ಅಲ್-ಅದ್ಲಿ, ಅಸ್-ಸೂಲಿಯಂಥ ನಿಪುಣರು ಆಡುತ್ತಿದ್ದ ಶತರಂಜ್‌ನಲ್ಲಿ ಪದಾತಿ ಒಮ್ಮೆಗೆ ಒಂದೇ ಮನೆ ನಡೆಯುತ್ತಿತ್ತು. ಮಂತ್ರಿಯೂ ಓರೆಯಾಗಿ ಒಂದೇ ಮನೆ. ಸೇನೆಗಳು ಎದುರುಬದುರಾಗುವ ಮೊದಲು ಇಬ್ಬರೂ ನಿಧಾನವಾಗಿ ವ್ಯೂಹ ರಚಿಸಿಕೊಳ್ಳುತ್ತಿದ್ದರು. ಆ ವ್ಯೂಹಕ್ಕೆ ‘ತಅಬಿಯಾ’ ಎನ್ನುತ್ತಿದ್ದರು. ‘ತಬಿಯಾ’ ಎಂಬ ರೂಪದಲ್ಲಿ ಆ ಪದ ಇಂದಿಗೂ ಜಗತ್ತಿನ ಚೆಸ್ ಆಟಗಾರರ ಬಾಯಲ್ಲಿದೆ. ಅಂಥ ಆಟದಲ್ಲಿ ಮೊದಲು ನಡೆದವನಿಗೆ ಹೆಚ್ಚಿನ ಲಾಭವಿರಲಿಲ್ಲ. ಯುರೋಪಿನಲ್ಲಿ 15ನೇ ಶತಮಾನದ ಕೊನೆಯ ಹೊತ್ತಿಗೆ ಮಂತ್ರಿಗೆ ಹಾಸಿನುದ್ದಕ್ಕೂ ಓಡುವ ಬಲ ಬಂತು, ಪದಾತಿಯೂ ಮೊದಲ ಸಲ ಎರಡು ಮನೆ ಜಿಗಿಯತೊಡಗಿತು. ಆಟ ಚುರುಕಾಯಿತು, ಮೊದಲ ನಡೆಗೆ ತೂಕ ಬಂತು. ಇಂದು ದೊಡ್ಡ ಪಂದ್ಯಗಳ ಲೆಕ್ಕ ತೆಗೆದರೆ ನೂರು ಅಂಕಗಳಲ್ಲಿ ಸುಮಾರು 54 ಬಿಳಿಯ ಪಾಲಾಗುತ್ತವೆ. ವ್ಯತ್ಯಾಸ ಸಣ್ಣದು, ಆದರೆ ಕಪ್ಪು ಹಿಡಿದವನಿಗೆ ಅದು ಮೊದಲ ಕ್ಷಣದಿಂದಲೇ ಗೊತ್ತಾಗುತ್ತದೆ.

ಇ4ಗೆ ಅವನು ಏನು ಮಾಡಬಹುದು?

ತಾನೂ ಪದಾತಿಯನ್ನು ಇ5ಕ್ಕೆ ತಂದು ಎದುರಿಗೆ ನಿಲ್ಲಿಸಬಹುದು. ಇದು ಸಮಾನನ ಉತ್ತರ. ಆದರೆ ಮರುನಡೆಯಲ್ಲೇ ಬಿಳಿಯ ಕುದುರೆ ಹೊರಬಂದು ಆ ಪದಾತಿಯ ಮೇಲೆ ಕಣ್ಣಿಡುತ್ತದೆ, ಅದನ್ನು ಕಾಯುವ ಕೆಲಸ ಆರಂಭವಾಗುತ್ತದೆ. ಸಿ5 ನಡೆಸಿದರೆ ಸಿಸಿಲಿಯನ್. ಬದಿಯಿಂದ ಮಧ್ಯದ ಮೇಲೆ ಕೈಹಾಕುವ, ಗೆಲುವನ್ನೇ ಗುರಿಯಾಗಿಟ್ಟ ಉತ್ತರ ಇದು. ಆದರೆ ನಮ್ಮ ಕಾಯಿಗಳು ಹೊರಬರುವಷ್ಟರಲ್ಲಿ ಬಿಳಿಯ ಸೇನೆ ರಾಜನ ಬಾಗಿಲಿಗೆ ಬಂದಿರಬಹುದು. ಇ6 ನಡೆಸಿದರೆ ಫ್ರೆಂಚ್. 1834ರಲ್ಲಿ ಆರಂಭವಾದ, ಲಂಡನ್ ಮತ್ತು ಪ್ಯಾರಿಸ್ ನಗರಗಳು ಅಂಚೆಯಲ್ಲಿ ಆಡಿದ ಪಂದ್ಯದಲ್ಲಿ ಪ್ಯಾರಿಸ್ಸಿನವರು ಇದನ್ನು ಆಡಿದ್ದರಿಂದ ಈ ಹೆಸರು. ಗಟ್ಟಿಯಾದ ಗೋಡೆ ಸಿಗುತ್ತದೆ, ಆದರೆ ನಮ್ಮದೇ ಒಂದು ಒಂಟೆ ಆ ಗೋಡೆಯ ಹಿಂದೆ ಕಟ್ಟಿಹಾಕಿದಂತೆ ಬಹುಕಾಲ ಉಳಿಯುತ್ತದೆ. ಸಿ6 ನಡೆಸಿದರೆ ಕಾರೋ-ಕಾನ್. ಇದರಲ್ಲಿ ಒಂಟೆಗೆ ದಾರಿಯಿದೆ, ಆದರೆ ಕುದುರೆಗೆ ಮೀಸಲಾಗಬೇಕಿದ್ದ ಮನೆಯಲ್ಲಿ ಪದಾತಿ ಕುಳಿತುಬಿಡುತ್ತದೆ.

ಬೆಲೆಯಿಲ್ಲದ ಉತ್ತರ ಒಂದೂ ಇಲ್ಲ. ಆದ್ದರಿಂದ ಕಪ್ಪಿನವನು ಕೇಳಿಕೊಳ್ಳಬೇಕಾದ್ದು ‘ಯಾವುದರಲ್ಲಿ ಕಷ್ಟವಿಲ್ಲ?’ ಎಂದಲ್ಲ, ‘ಯಾವ ಕಷ್ಟವನ್ನು ನಾನು ತಿಳಿದು ಹೊರಬಲ್ಲೆ?’ ಎಂದು. 2000ದಲ್ಲಿ ಲಂಡನ್ನಿನಲ್ಲಿ ಕಾಸ್ಪರೋವ್ ಎದುರು ವಿಶ್ವ ಚಾಂಪಿಯನ್ ಪಟ್ಟಕ್ಕೆ ಆಡಿದ ಕ್ರಾಮ್ನಿಕ್ ಇ5ರಿಂದ ಹೊರಡುವ ‘ಬರ್ಲಿನ್’ ರಕ್ಷಣೆಯನ್ನು ನಾಲ್ಕು ಬಾರಿ ಆಡಿದರು. ಅದರ ಮುಖ್ಯ ದಾರಿಯಲ್ಲಿ ಮಂತ್ರಿಗಳು ಬೇಗನೆ ಹೋಗುತ್ತವೆ, ಕಪ್ಪು ರಾಜ ಕ್ಯಾಸಲ್ ಮಾಡುವ ಹಕ್ಕನ್ನೇ ಕಳೆದುಕೊಂಡು ನಡುಹಾಸಿನಲ್ಲಿ ನಿಲ್ಲುತ್ತಾನೆ. ನೋಡಿದವರಿಗೆ ಅದು ಬಡವಾದ ಸ್ಥಿತಿ. ನಾಲ್ಕೂ ಆಟ ಡ್ರಾ ಆದವು. ಕಾಸ್ಪರೋವ್ ಆ ಪಂದ್ಯದಲ್ಲಿ ಒಂದೂ ಆಟ ಗೆಲ್ಲಲಿಲ್ಲ, ಪಟ್ಟ ಕಳೆದುಕೊಂಡರು.

ಬಸ್ಸಿನಲ್ಲಿ ನನ್ನ ಪಕ್ಕದಲ್ಲಿದ್ದ ಹುಡುಗನ ತಂದೆಗೆ ಚೆಸ್ ಬರುವುದಿಲ್ಲ. ಆದರೆ ಈ ಪಾಠವನ್ನು ಅವನು ಬೇರೆ ಕಡೆ ಕಲಿತ. ಅವನು ದುಡಿಯುತ್ತಿದ್ದ ಕಾರ್ಖಾನೆ ಮುಚ್ಚಿದಾಗ ಜೊತೆಯವರಲ್ಲಿ ಒಬ್ಬ ಸೌದಿಗೆ ಹೋದ, ಒಬ್ಬ ಬಾಕಿ ಹಣಕ್ಕಾಗಿ ಕೋರ್ಟಿಗೆ ಹೋದ. ಇವನು ಮೊದಲು ಚಹಾ ಅಂಗಡಿ ಇಟ್ಟ, ಎರಡು ತಿಂಗಳು ನಷ್ಟವಾದ ಕೂಡಲೇ ಬಿಟ್ಟ. ಮಂಡಕ್ಕಿ ವ್ಯಾಪಾರಕ್ಕೆ ಇಳಿದ, ಮಳೆಗಾಲದಲ್ಲಿ ಕೈಬಿಟ್ಟ. ಆಟೋ ಓಡಿಸಿದ, ಅದನ್ನೂ ಮಾರಿದ. ಕೊನೆಗೆ ಹಳೆಯ ಲೇಥ್ ಯಂತ್ರ ಕೊಂಡು ಒಂದು ಶೆಡ್ಡಿನಲ್ಲಿ ಕೂತ. ಮೊದಲ ವರ್ಷ ಅದರಲ್ಲೂ ನಷ್ಟವೇ. ಈ ಸಲ ಮಾತ್ರ ಏಳಲಿಲ್ಲ. ಯಾರ ದಾರಿ ಸರಿಯಿತ್ತು ಎಂದು ಒಮ್ಮೆ ಕೇಳಿದಾಗ ಅವನು ಹೇಳಿದ: “ಎಲ್ಲಾರ್ದೂ ಸರಿನೇ ಇತ್ತು ಭಾಯ್. ಸೌದಿಗೆ ಹೋದೋನು ಮಕ್ಳು ಬೆಳೆಯೋದು ನೋಡ್ಲಿಲ್ಲ, ಕೋರ್ಟಿಗೆ ಹೋದೋನಿಗೆ ತಲೆ ಬೆಳ್ಳಗಾತು. ನಾನು ಮಾತ್ರ ಯಾವ್ದಕ್ಕೂ ಪೂರಾ ಬೆಲೆ ಕೊಡ್ದೆ ಮೂರು ವರ್ಷ ಕಳ್ದೆ.”

ಹುಡುಗನ ಕೈಯಲ್ಲಿ ಆ ದಿನದ ಸ್ಕೋರ್ ಶೀಟುಗಳಿದ್ದವು. ಪ್ರತಿ ನಡೆಯನ್ನೂ ಬರೆದಿಡುವ ಹಾಳೆಗಳು. ಇಬ್ಬರೂ ಸೇರಿ ನೋಡಿದೆವು. ಸಿಸಿಲಿಯನ್ ಆಡಿದ ಆಟದಲ್ಲಿ 20 ನಡೆಗಳವರೆಗೆ ಅವನಿಗೇನೂ ತೊಂದರೆ ಇರಲಿಲ್ಲ. 27ನೇ ನಡೆಯಲ್ಲಿ ಆನೆಯನ್ನು ಕಾವಲಿಲ್ಲದೆ ಬಿಟ್ಟಿದ್ದ. ಫ್ರೆಂಚ್‌ನಲ್ಲಿ ಗಡಿಯಾರ ನೋಡದೆ ಸಮಯ ಕಳೆದುಕೊಂಡಿದ್ದ. ಕಾರೋ-ಕಾನ್‌ನಲ್ಲಿ ಮಾತ್ರ ಆರಂಭದಲ್ಲೇ ಎಡವಿದ್ದ. ಅದನ್ನು ಅವನು ಸರಿಯಾಗಿ ಕಲಿತೇ ಇರಲಿಲ್ಲ. ಮೂರು ಸೋಲುಗಳ ಕಾರಣ ಮೂರು ಬಗೆ. ಅವನು ಮಾತ್ರ ಮೂರನ್ನೂ ಎದುರಾಳಿಯ ಇ4ರ ತಲೆಗೆ ಕಟ್ಟಿದ್ದ.

ನಾವೂ ಹೀಗೆಯೇ ಮಾಡುತ್ತೇವೆ. ನಮ್ಮ 27ನೇ ನಡೆಯ ತಪ್ಪನ್ನು ಇತರರ ಮೊದಲ ನಡೆಗೆ ಬರೆದುಬಿಡುತ್ತೇವೆ. ಮಗುವಿನ ಓದು ಅರ್ಧಕ್ಕೆ ನಿಂತರೆ, ಅಣ್ಣತಮ್ಮಂದಿರು ಮಾತು ಬಿಟ್ಟರೆ, ಮೊಹಲ್ಲಾದಲ್ಲಿ ಒಂದು ವಾಚನಾಲಯ ಬಾಳದಿದ್ದರೆ, ಕಾರಣ ಯಾವಾಗಲೂ ಹೊರಗಿನದು. ಆತ್ಮಾವಲೋಕನಕ್ಕೆ ನಮ್ಮ ಪರಂಪರೆಯಲ್ಲಿ ‘ಮುಹಾಸಬಾ’ ಎಂಬ ಹೆಸರಿದೆ. ಪದದ ಅರ್ಥವೇ ಲೆಕ್ಕ ತೆಗೆಯುವುದು. ಯಾವುದು ಎಲ್ಲಿ ಆಯಿತು ಎಂದು ಸಾಲುಸಾಲಾಗಿ ಬರೆದಾಗ ಮಾತ್ರ ಅದು ಲೆಕ್ಕವಾಗುತ್ತದೆ.

ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಅದೂ ಅನ್ಯಾಯವೇ. ಚೆಸ್‌ನಲ್ಲಿ ಈ ಸುತ್ತಿನಲ್ಲಿ ಕಪ್ಪು ಹಿಡಿದವನಿಗೆ ಮುಂದೆ ಬಿಳಿಯೂ ಸಿಗುತ್ತದೆ. ಬದುಕಿನಲ್ಲಿ ಕೆಲವರಿಗೆ ತಲೆಮಾರು ಕಳೆದರೂ ಬಿಳಿ ಸಿಗುವುದಿಲ್ಲ. ಅಲ್ಲದೆ ಬಿಳಿಯೇ ಮೊದಲು ನಡೆಯಬೇಕೆಂಬುದು ಪ್ರಕೃತಿನಿಯಮವೇನಲ್ಲ. 19ನೇ ಶತಮಾನದಲ್ಲಿ ಬಹುಕಾಲ ಕಪ್ಪು ಮೊದಲು ನಡೆದ ಆಟಗಳೂ ಇದ್ದವು. ನಿಯಮ ಮನುಷ್ಯರು ಮಾಡಿದ್ದು. ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ದಾವಣಗೆರೆಯ ಹತ್ತಿಗಿರಣಿಗಳು ಒಂದೊಂದಾಗಿ ಮುಚ್ಚಿದಾಗ ಬೀದಿಗೆ ಬಿದ್ದ ಕಾರ್ಮಿಕನಿಗೆ ‘ನಿನ್ನ 27ನೇ ನಡೆ ನೋಡಿಕೋ’ ಎನ್ನುವುದು ಉಪದೇಶವಲ್ಲ, ಕ್ರೌರ್ಯ.

ಪಂಜಾಬಿನ ಮೀರ್ ಸುಲ್ತಾನ್ ಖಾನ್ ಇಲ್ಲಿ ನೆನಪಾಗುತ್ತಾರೆ. ಪದಾತಿ ಎರಡು ಮನೆ ಜಿಗಿಯದ ಭಾರತೀಯ ಪದ್ಧತಿಯಲ್ಲಿ ಆಟ ಕಲಿತ ಅವರನ್ನು 1929ರಲ್ಲಿ ಒಡೆಯ ಉಮರ್ ಹಯಾತ್ ಖಾನ್ ಲಂಡನ್ನಿಗೆ ಕರೆದೊಯ್ದರು. ಯುರೋಪಿನವರ ಆರಂಭದ ನಡೆಗಳ ಜ್ಞಾನದಲ್ಲಿ ಅವರು ಹಿಂದಿದ್ದರು. ಆದರೂ ಅದೇ ವರ್ಷ, ಮತ್ತೆ 1932 ಮತ್ತು 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು. ಅವರ ಬಲವಿದ್ದದ್ದು ಆಟದ ನಡುಭಾಗ ಮತ್ತು ಕೊನೆಯಲ್ಲಿ, ದೀರ್ಘ ತಾಳ್ಮೆಯಲ್ಲಿ. 1966ರಲ್ಲಿ ತೀರಿಕೊಂಡ ಅವರಿಗೆ ವಿಶ್ವ ಚೆಸ್ ಸಂಸ್ಥೆ ಗೌರವ ಗ್ರ್ಯಾಂಡ್‌ಮಾಸ್ಟರ್ ಬಿರುದು ಕೊಟ್ಟದ್ದು 2024ರಲ್ಲಿ. ಅವರ ಉತ್ತರ ಅವರದೇ ಆಗಿತ್ತು, ಅದು ಶ್ರೇಷ್ಠವಾಗಿತ್ತು. ಹಾಗೆಂದು ಮನ್ನಣೆ ತಡವಾದದ್ದು ಸರಿಯಾಗಿಬಿಡುವುದಿಲ್ಲ.

ಆದ್ದರಿಂದ ಎರಡು ಲೆಕ್ಕಗಳನ್ನು ಬೇರೆಬೇರೆಯಾಗಿ ಇಡಬೇಕು. ಮೊದಲ ನಡೆಯಲ್ಲಿ ಅನ್ಯಾಯವಿದ್ದರೆ ಅದನ್ನು ಅನ್ಯಾಯವೆಂದೇ ಹೇಳಬೇಕು, ನಿಯಮ ಬದಲಿಸಲು ದುಡಿಯಬೇಕು. ನಮ್ಮ ಉತ್ತರದಲ್ಲಿ ತಪ್ಪಿದ್ದರೆ ಅದನ್ನೂ ನಮ್ಮದೆಂದು ಒಪ್ಪಬೇಕು. ಒಂದು ಲೆಕ್ಕ ತೋರಿಸಿ ಇನ್ನೊಂದನ್ನು ಮುಚ್ಚುವುದು ಅಪ್ರಾಮಾಣಿಕತೆ. ಸಬರ್ ಎಂದರೆ ಅನ್ಯಾಯದೆದುರು ಬಾಯಿ ಮುಚ್ಚಿ ಕೂರುವುದಲ್ಲ. ತಾನು ತಿಳಿದು ಆರಿಸಿಕೊಂಡ ದಾರಿಯ ಭಾರವನ್ನು ಮೊದಲ ನೋವಿಗೇ ಕೆಳಗಿಳಿಸದಿರುವುದು.

ಹಾಗಾದರೆ ಬದಲಾವಣೆ ತಪ್ಪೇ? ಅಲ್ಲ. ಸೋಲನ್ನು ಅರಿತು ದಾರಿ ಬದಲಿಸುವುದು ವಿವೇಕ. ಸೋಲಿನಿಂದ ಓಡಿಹೋಗಲು ಬದಲಿಸುವುದು ಅಭ್ಯಾಸವಾಗಿಬಿಡುತ್ತದೆ.

ಹರಿಹರ ಬಂತು. ಇಳಿಯುವ ಮೊದಲು ಹುಡುಗನಿಗೆ 2024ರ ವಿಶ್ವ ಚಾಂಪಿಯನ್‌ಷಿಪ್ ನೆನಪಿಸಿದೆ. ಮೊದಲ ಆಟದಲ್ಲಿ ನಮ್ಮ ಗುಕೇಶ್ ಇ4 ನಡೆಸಿದರು, ಡಿಂಗ್ ಲಿರೆನ್ ಫ್ರೆಂಚ್ ಆಡಿ ಕಪ್ಪು ಕಾಯಿಗಳಲ್ಲಿ ಗೆದ್ದರು. ಕೊನೆಯ, 14ನೇ ಆಟದಲ್ಲಿ ಗುಕೇಶ್ ಕಪ್ಪು ಕಾಯಿಗಳಲ್ಲೇ ಗೆದ್ದು ಪಟ್ಟ ಪಡೆದರು. ಹುಡುಗ ಸ್ವಲ್ಪ ಹೊತ್ತು ಯೋಚಿಸಿ, “ಒಂದು ವರ್ಷ ಫ್ರೆಂಚ್ ಆಡ್ತೀನಿ ಚಾಚಾ. ಸೋತ್ರೆ ಎಲ್ಲಿ ಸೋತೆ ಅಂತ ಬರ್ದಿಡ್ತೀನಿ” ಎಂದ.

ಅವನನ್ನು ಬಿಡಲು ತಂದೆಯ ಶೆಡ್ಡಿಗೆ ಹೋದೆ. ಲೇಥ್ ಮುಂದೆ ಕೆಲಸ ಕಲಿಯುವ ಇಬ್ಬರು ಹುಡುಗರಿದ್ದರು. ಭಾನುವಾರವಾದರೂ ಅರ್ಜೆಂಟ್ ಕೆಲಸವಂತೆ. ಗೆಳೆಯ ಗಡಿಯಾರ ನೋಡಿ, “ಸಾಕು, ಮನೆಗೆ ಹೋಗ್ರಪ್ಪಾ. ಇವತ್ತಿಂದು ಡಬಲ್ ಕೂಲಿ ಬರ್ಕೊಂಡೀನಿ” ಎಂದ. ಆ ಇಬ್ಬರ ಮಟ್ಟಿಗೆ ಈಗ ಮೊದಲ ನಡೆ ಅವನದು. ಕಪ್ಪು ಕಾಯಿ ಹಿಡಿದು ಕೂತಿದ್ದ ದಿನಗಳನ್ನು ಅವನು ಮರೆತಿಲ್ಲ.