ಅತಿಭಾರಾರೋಪಣ

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಹೇಳುವಾಗ ಅತಿಭಾರಾರೋಪಣವನ್ನೂ ಅನ್ನಪಾನನಿರೋಧವನ್ನೂ ಅಕ್ಕಪಕ್ಕದಲ್ಲಿ ಇರಿಸಿದ್ದಾರೆ. ಇವು ಎತ್ತು ಕುದುರೆಗಳಿಗೆ ಸಂಬಂಧಿಸಿದ ಮಾತೆಂದು ಬಾಲ್ಯದಿಂದ ತಿಳಿದು ಬಂದವನು ನಾನು. ಕೆಲವು ವರ್ಷಗಳ ಹಿಂದೆ ನಮ್ಮ ಧಾನ್ಯದ ಮಳಿಗೆಯಲ್ಲಿ 60 ದಾಟಿದ ಹಮಾಲರೊಬ್ಬರು ಜೋಳದ ಚೀಲದೊಡನೆ ಹಲಗೆಯಿಂದ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಆ ಹಲಗೆ ಅಲುಗಾಡುತ್ತದೆಂದು ಅವರು ಎರಡು ಸಲ ಹೇಳಿದ್ದರು. ದೀಪಾವಳಿಯ ಲೆಕ್ಕ ಮುಗಿಯಲಿ ಎಂದಿದ್ದೆ. ನೋಯಿಸುವ ಸಂಕಲ್ಪ ನನಗಿರಲಿಲ್ಲ, ನಿಜ. ಆದರೆ ಸೂತ್ರಕಾರರು ಹಿಂಸೆಯ ಮೂಲವನ್ನು ಕಂಡದ್ದು ಪ್ರಮಾದದಲ್ಲಿ.

ಮುಪ್ಪಿನಲ್ಲಿ ಮೂಳೆ ಸವೆದಿರುತ್ತದೆ, ಜಾರಿದ ಕಾಲನ್ನು ಹಿಂದಕ್ಕೆಳೆದುಕೊಳ್ಳುವ ಚುರುಕು ಇರುವುದಿಲ್ಲ. ತರುಣನು ವಾರದಲ್ಲಿ ಮರೆಯುವ ಪೆಟ್ಟು ವೃದ್ಧನನ್ನು ತಿಂಗಳುಗಟ್ಟಲೆ ಮಲಗಿಸುತ್ತದೆ. ವಾಣಿಜ್ಯ ಓದಿದವನಾದ್ದರಿಂದ ಅಂಕಿಗಳನ್ನೂ ನೋಡಿದೆ. 1923ರ ಕಾರ್ಮಿಕ ಪರಿಹಾರ ಕಾಯಿದೆಯ ನಾಲ್ಕನೆಯ ಅನುಸೂಚಿಯು 16ರವನಿಗೆ 228.54, 65 ಆದವನಿಗೆ 99.37 ಎಂಬ ಗುಣಕವನ್ನಿಟ್ಟಿತ್ತು. ಗಳಿಸಬಹುದಾದ ವರ್ಷಗಳ ಎಣಿಕೆಯದು, ಲೆಕ್ಕ ತಪ್ಪಲ್ಲ. ನೋವಿಗೆ ಮಾತ್ರ ಅಲ್ಲಿ ಅಂಕಣವಿಲ್ಲ.

ಮುದುಕರನ್ನು ಬಿಡಿಸಿಬಿಡಿ ಎಂಬುದು ಮಿತ್ರರ ಸಲಹೆ. ಒಂದು ಅತಿಚಾರದಿಂದ ತಪ್ಪಿಸಿಕೊಂಡು ಪಕ್ಕದ ಅತಿಚಾರಕ್ಕೆ ಬೀಳುವ ದಾರಿಯದು: ಪಿಂಚಣಿಯಿಲ್ಲದವನ ಕೂಲಿ ನಿಂತರೆ ಅನ್ನವೂ ನಿಲ್ಲುತ್ತದೆ. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1967ರಲ್ಲಿಯೇ ವಯಸ್ಕ ಪುರುಷನ ಹೊರೆಗೆ 55 ಕಿಲೋ ಮಿತಿಯನ್ನು ಶಿಫಾರಸು ಮಾಡಿತು. ನಮ್ಮ ಪೇಟೆಗಳಲ್ಲಿ ಕ್ವಿಂಟಾಲ್ ಚೀಲ ಅನಂತರವೂ ಬಹುಕಾಲ ಬೆನ್ನೇರಿತು. ಬಸದಿಗಳ ಜೀರ್ಣೋದ್ಧಾರ ನಡೆಸುವ ಟ್ರಸ್ಟಿನವರೂ ಸಾರುವೆಯ ಮೇಲೆ ನಿಂತವರ ವಯಸ್ಸನ್ನು ಒಮ್ಮೆ ವಿಚಾರಿಸಲಿ.

ನಮ್ಮ ಹಮಾಲರು ಈಗ ಹಳೆಯ ಕೂಲಿಗೇ ತೂಕದ ಚೀಟಿ ಬರೆಯುತ್ತಾರೆ. ಹಲಗೆ ಬದಲಿಸಲು ತಗುಲಿದ ವೆಚ್ಚ ಒಂದು ದಿನದ ದಲ್ಲಾಳಿಯಷ್ಟೂ ಆಗಲಿಲ್ಲ.